ಯೂನಿವರ್ಸಲ್ ಫಿಟ್ಟಿಂಗು

ಬೆಂಗಳೂರಿನಲ್ಲಿ ಚಳಿ ಅಂದರೆ ಉತ್ತರದ ಕಡೆಯವರು ನಗುತ್ತಾರೆ. ನಮ್ಮ ಫ್ಯಾಕ್ಟರಿಯಲ್ಲೂ ಅಂಥವರೊಬ್ಬರಿದ್ದಾರೆ. ಡಿಸೆಂಬರಿನಲ್ಲೂ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದು, ನಮ್ಮ ಮಂಕಿ ಟೋಪಿಗಳನ್ನು ಒಂದು ಸುತ್ತು ನೋಡಿ, "ಇದಕ್ಕೆ ಚಳಿ ಅಂತೀರಾ?" ಎನ್ನುತ್ತಾರೆ. ಅವರಿಗಾಗಿಯೇ ನಾನೊಂದು ಅಂಕಿ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ! ಅದನ್ನು ಹೇಳಿದ ದಿನ ಅವರು ತಲೆದೂಗಿ, "ಪಾಪ, ಆವತ್ತು ನಿಮಗೆ ಕಷ್ಟ ಆಗಿರಬೇಕು" ಅಂದರು.

ಆದರೆ ಅವರು ಬರುವುದು ಕಂಪನಿ ಬಸ್ಸಿನಲ್ಲಿ, ಕಿಟಕಿ ಮುಚ್ಚಿಕೊಂಡು. ನಮ್ಮ ಕಡೆಗೆ ಆ ಬಸ್ಸಿಲ್ಲ. ಮಹಾಲಕ್ಷ್ಮಿ ಲೇಔಟಿನಿಂದ ಬೆಳಿಗ್ಗೆ ಐದೂ ಕಾಲಿಗೆ ಬೈಕ್ ಹತ್ತಿದರೆ ಯಶವಂತಪುರ, ಬಿ.ಇ.ಎಲ್. ಸರ್ಕಲ್, ಗಂಗಮ್ಮ ಸರ್ಕಲ್, ಯಲಹಂಕ ದಾಟಿ ದೊಡ್ಡಬಳ್ಳಾಪುರ ಸೇರಲು ಒಂದು ಗಂಟೆ. ಯಲಹಂಕದವರೆಗೆ ಹೇಗೋ ನಡೆಯುತ್ತದೆ, ಅಷ್ಟು ಗೋಡೆ, ಅಷ್ಟು ಲಾರಿ ಅಡ್ಡ ಇರುತ್ತವೆ. ಅಲ್ಲಿಂದ ಮುಂದೆ ರಾಜಾನುಕುಂಟೆ ಕಡೆ ತಿರುಗಿದಿರೋ, ಚಳಿ ಎದುರಿಗೇ ಬಂದು ನಿಲ್ಲುತ್ತದೆ. ಮೈಗೆ ಜರ್ಕಿನ್ ಇದೆ, ತಲೆಗೆ ಹೆಲ್ಮೆಟ್ ಇದೆ, ಕಾಲಿಗೆ ಎಂಜಿನ್ನಿನ ಬಿಸಿ ಇದೆ. ಕೈಗೆ ಯಾರೂ ಇಲ್ಲ. ಚಳಿಯಾದರೆ ದೇಹ ಮೊದಲು ಹೊಟ್ಟೆ-ಎದೆ ಬೆಚ್ಚಗಿಡಲು ನೋಡುತ್ತದಂತೆ. ಬೆರಳಿನ ರಕ್ತನಾಳಗಳನ್ನು ಬಿಗಿದು ಅಲ್ಲಿಯ ಸಪ್ಲೈ ಕಟ್ ಮಾಡುತ್ತದೆ. ನಮ್ಮ ಬೀದಿಯ ಕೊನೇ ಮನೆಗೆ ನೀರು ಬರದ ಹಾಗೆ. ಅದರ ಮೇಲೆ ಗಾಳಿ ಬೇರೆ. 10 ಡಿಗ್ರಿಯ ಗಾಳಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೀಳಿಕೊಂಡು ಹೋದರೆ ಬರಿಚರ್ಮಕ್ಕೆ ಅದು 5 ಡಿಗ್ರಿಯಂತೆ ತಾಗುತ್ತದೆ. ಫ್ಯಾಕ್ಟರಿ ಗೇಟಿನಲ್ಲಿ ಬೆರಳಚ್ಚಿನ ಹಾಜರಿ. ಮರಗಟ್ಟಿದ ನನ್ನ ಹೆಬ್ಬೆರಳನ್ನು ಆ ಯಂತ್ರ ಒಂದು ಸಲಕ್ಕೂ ನನ್ನದೆಂದು ಒಪ್ಪಿದ್ದಿಲ್ಲ. ಬಾಯಿಂದ ಊದಿ, ಕಂಕುಳಲ್ಲಿ ಇಟ್ಟುಕೊಂಡು, ಮತ್ತೆ ಒತ್ತಬೇಕು. ಹಿಂದೆ ಕ್ಯೂ.

ಗ್ಲೌಸ್ ಹಾಕಬಾರದೇ ಎಂದು ನೀವು ಕೇಳುತ್ತೀರಿ. ಹಾಕಿದ್ದೇನೆ. ಅಮ್ಮ ಹೆಣೆದುಕೊಟ್ಟ ಉಲ್ಲನ್ನಿನ ಕೈಗವಸು ನೋಡಲು ಬೆಚ್ಚಗೆ, ಆದರೆ ಗಾಳಿ ಅದರೊಳಗೆ ಜರಡಿಯಲ್ಲಿ ಹೋದ ಹಾಗೆ ಹೋಗುತ್ತದೆ. ಫುಟ್‌ಪಾತಿನಲ್ಲಿ ಕೊಂಡ ದಪ್ಪ ಗ್ಲೌಸ್ ಗಾಳಿ ತಡೆಯಿತು, ಅದರ ಜೊತೆಗೆ ನನ್ನನ್ನೂ ತಡೆಯಿತು. ಇಂಡಿಕೇಟರ್ ಹಾಕಲು ಹೋದರೆ ಹಾರ್ನ್ ಹೊಡೆಯುತ್ತಿತ್ತು. ಎಡಕ್ಕೆ ತಿರುಗುವಾಗೆಲ್ಲ ಊರಿಗೆ ಸಾರಿ ತಿರುಗಿದ ಹಾಗೆ.

ಪರಿಹಾರ ಕಂಡಿದ್ದು ರಾಜಾನುಕುಂಟೆಯ ಟೀ ಅಂಗಡಿ ಮುಂದೆ. ಸೇವಂತಿಗೆ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ಒಬ್ಬರ ಎಕ್ಸೆಲ್ ಗಾಡಿ ನಿಂತಿತ್ತು. ಅದರ ಎರಡೂ ಹಿಡಿಗಳ ಮುಂದೆ ಅರ್ಧರ್ಧ ಸೀಳಿದ ಅಡುಗೆ ಎಣ್ಣೆ ಕ್ಯಾನು, ಹೂವಿನ ದಾರದಲ್ಲಿ ಬಿಗಿದು ಮೇಲೆ ಟೇಪು ಸುತ್ತಿದ್ದು.

"ಏನಣ್ಣ ಇದು?"

"ಗಾಳಿಗೆ ಸಾರ್. ಐದು ಲೀಟರ್ ಕ್ಯಾನು. ಒಂದು ಸೀಳಿದ್ರೆ ಎರಡು ಕೈಗೂ ಆಗ್ತದೆ" ಅಂತ ಅವರು ಗಾಜಿನ ಲೋಟದಲ್ಲಿ ಟೀ ಹಿಡಿದು ಹೇಳಿದರು. ಅವರ ಬೆರಳು ಲೋಟದ ಸುತ್ತ ಸಲೀಸಾಗಿ ಮಡಿಸಿಕೊಂಡಿದ್ದವು. ನನ್ನ ಲೋಟವನ್ನು ನಾನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದಿದ್ದೆ.

ಆ ಕ್ಷಣವೇ ಮನೆಗೆ ಹೋಗಿ ಕ್ಯಾನು ಸೀಳಬಹುದಿತ್ತು. ಆದರೆ ಇಎಂಐ ಕಟ್ಟುತ್ತಿರುವ ಬೈಕಿಗೆ ಎಣ್ಣೆ ಕ್ಯಾನು ಕಟ್ಟುವುದೇ? ಎಣ್ಣೆ ಕ್ಯಾನಿಗೂ ಒಂದು ಕಂಪನಿ ರೂಪ ಇರಬೇಕಲ್ಲ ಎಂದು ಶನಿವಾರ ಜೆ.ಸಿ. ರಸ್ತೆಗೆ ಹೋದೆ.

ಜೆ.ಸಿ. ರಸ್ತೆಯಲ್ಲಿ ಸಿಗದ ಪಾರ್ಟ್ ಇಲ್ಲ, ಹಾಗಾಗಿ ಬೇಡದ ಪಾರ್ಟ್ ಕೊಳ್ಳದೆ ಬಂದವರೂ ಇಲ್ಲ. ಹ್ಯಾಂಡ್ ಗಾರ್ಡ್ ಕೇಳಿದ್ದಕ್ಕೆ ಅಂಗಡಿಯವರು ಎರಡು ಜಾತಿ ತೋರಿಸಿದರು. ಒಂದು ಬರೀ ಪ್ಲಾಸ್ಟಿಕ್ಕಿನದು, ಹಿಡಿಯ ಒಳಗಡೆ ಒಂದೇ ಕಡೆ ಕ್ಲಾಂಪ್ ಕೂರುವಂಥದ್ದು. ಇನ್ನೊಂದಕ್ಕೆ ಒಳಗೆ ಅಲ್ಯೂಮಿನಿಯಂ ಪಟ್ಟಿ. ಒಂದು ತುದಿ ಹ್ಯಾಂಡಲ್ ಮಧ್ಯಕ್ಕೆ, ಇನ್ನೊಂದು ಹ್ಯಾಂಡಲ್ ತುದಿಯೊಳಕ್ಕೆ. ಮೂಲದಲ್ಲಿ ಇದು ಕಾಡುಮೇಡಿನಲ್ಲಿ ಬೈಕ್ ಓಡಿಸುವವರಿಗೆ ಮಾಡಿದ್ದು. ಕೊಂಬೆ, ಕಲ್ಲು ಕೈಗೆ ಬಡಿಯದಿರಲಿ, ಗಾಡಿ ಬಿದ್ದರೆ ಕ್ಲಚ್, ಬ್ರೇಕಿನ ಲಿವರ್ ಮುರಿಯದಿರಲಿ ಅಂತ. ಚಳಿ ತಡೆಯುವುದು ಅದರ ಸೈಡ್ ಬಿಸಿನೆಸ್ಸು. ನಾನು ಅಲ್ಯೂಮಿನಿಯಮ್ಮಿನದೇ ಆರಿಸಿದೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಯಾವ ಕೊಂಬೆ ಯಾವಾಗ ಬಡಿಯುತ್ತದೋ.

"ನಮ್ಮ ಗಾಡಿಗೆ ಕೂರುತ್ತಾ?"

"ಯೂನಿವರ್ಸಲ್ ಸಾರ್. ಕಣ್ಣು ಮುಚ್ಕೊಂಡು ಹಾಕಿ."

ಮಾತು ಸುಳ್ಳಲ್ಲ. ಹೆಚ್ಚಿನ ಬೈಕುಗಳ ಹ್ಯಾಂಡಲ್ ಪೈಪಿನ ದಪ್ಪ 22 ಮಿಲಿಮೀಟರ್, ಕ್ಲಾಂಪೂ ಅದೇ ಅಳತೆಯದು. ಆದರೆ ಆ ಪೈಪಿನ ಮೇಲೆ ಕ್ಲಚ್, ಕೇಬಲ್, ಸ್ವಿಚ್ಚು, ಕನ್ನಡಿ ಎಲ್ಲ ಮೊದಲೇ ಸೈಟು ಮಾಡಿಕೊಂಡು ಕೂತಿರುತ್ತವೆ. ಹೊಸಬನಿಗೆ ಜಾಗ ಎಲ್ಲಿ ಅನ್ನುವುದು ಯೂನಿವರ್ಸಲ್ ಪ್ರಶ್ನೆಯಲ್ಲ, ನಮ್ಮ ಪ್ರಶ್ನೆ. ಬಣ್ಣ ಗಿಳಿಹಸಿರು ಒಂದೇ ಉಳಿದಿತ್ತು. ಸಾವಿರದ ಎಂಟುನೂರು ಕೊಟ್ಟು ತಂದೆ.

ಭಾನುವಾರ ಮಧ್ಯಾಹ್ನ ಕೆಲಸ ಶುರು. ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಮೇಲೆ ಓನರ್ ಅಂಕಲ್. ದೊಡ್ಡ ಗೇಟಿಗೆ ಅವರ ಕಾರು ಅಡ್ಡ ನಿಂತಿರುತ್ತದೆ, ಪಕ್ಕದ ಎರಡೂವರೆ ಅಡಿಯ ಚಿಕ್ಕ ಗೇಟು ನಮ್ಮ ಪಾಲು. ಬೈಕನ್ನು ಪ್ಯಾಸೇಜಿನಲ್ಲಿ ನಿಲ್ಲಿಸಿ, ನಟ್ಟು-ಬೋಲ್ಟು ಕಳೆಯದಿರಲಿ ಅಂತ ಸ್ಟೀಲ್ ತಟ್ಟೆ ತಂದು, ಮೂರನೇ ಕ್ಲಾಸಿನ ಮಗಳನ್ನು ಅದರ ಕಾವಲಿಗೆ ಕೂರಿಸಿದೆ.

ಹ್ಯಾಂಡಲ್ ತುದಿಯಲ್ಲಿ ಒಂದು ಕಬ್ಬಿಣದ ಗುಂಡು ಇರುತ್ತದೆ ನೋಡಿ, ಅದು ಅಂದಕ್ಕೆ ಇಟ್ಟಿದ್ದಲ್ಲ. ಎಂಜಿನ್ನಿನ ನಡುಕ ಕೈಗೆ ಬರದ ಹಾಗೆ ತಡೆಯುವ ತೂಕ ಅದು. ಅದನ್ನು ತೆಗೆದು ಗಾರ್ಡಿನ ತುದಿ ಕೂರಿಸಬೇಕು. ಎಡಗಡೆಯದು ಬಂತು. ಬಲಗಡೆಯ ಸ್ಟಾರ್ ಸ್ಕ್ರೂ ಜಪ್ಪಯ್ಯ ಅನ್ನಲಿಲ್ಲ. ನಾನು ಒತ್ತಿ ತಿರುಗಿಸಿದಷ್ಟೂ ಅದರ ತಲೆಯ ಸ್ಟಾರ್ ಗುಳಿ ಸವೆದು, ಕೊನೆಗೆ ಗಿಂಡಿಯ ಹಾಗೆ ನುಣ್ಣಗಾಯಿತು. ಸ್ಕ್ರೂ ಡ್ರೈವರಿನ ಹಿಂದೆ ಸುತ್ತಿಗೆಯಿಂದ ಬಡಿದೆ. ಹೆಂಡತಿ ಒಳಗಿಂದ, "ರೀ, ಅವರೆಕಾಯಿ ಸುಲಿಯೋದು ಒಂದು ಮಣ ಇದೆ, ಕೈಗೆ ಕೆಲಸ ಬೇಕಿದ್ರೆ ಬನ್ನಿ" ಅಂದಳು. ಕಟಿಂಗ್ ಪ್ಲೇಯರ್‌ನಲ್ಲಿ ಗುಂಡನ್ನೇ ಕಚ್ಚಿ ತಿರುಗಿಸಿದ ಮೇಲೆ ಅದು ಸೋತಿತು, ನನ್ನ ಹೆಬ್ಬೆರಳಿನ ಚೂರು ಚರ್ಮವನ್ನೂ ಕರೆದುಕೊಂಡು. ಹಾಜರಿ ಯಂತ್ರಕ್ಕೆ ಇನ್ನೂ ಒಂದು ನೆಪ.

ಸಂಜೆ ಆರಕ್ಕೆ ಎರಡೂ ಕೂತವು. ಗಿಳಿಹಸಿರು ರೆಕ್ಕೆ ಬಿಚ್ಚಿದ ಬೈಕ್ ನೋಡಿ ನನಗೇ ಒಂದು ಥರ ಆಯಿತು. ಅಷ್ಟರಲ್ಲಿ ಮಗಳು ತಟ್ಟೆ ಮುಂದೆ ಹಿಡಿದಳು. "ಅಪ್ಪ, ಎರಡು ಉಳಿದಿದೆ." ಬೆರಳಿನ ದಪ್ಪದ ಎರಡು ಪುಟ್ಟ ಬಳೆ, ಬುಷ್ ಅಂತಾರೆ ಅದಕ್ಕೆ.

"ಎಕ್ಸ್‌ಟ್ರಾ ಕೊಟ್ಟಿರ್ತಾರೆ ಪುಟ್ಟ."

ಬೈಕ್ ರಿಪೇರಿಯಲ್ಲಿ ಯಾರೂ ಯಾವತ್ತೂ ಎಕ್ಸ್‌ಟ್ರಾ ಕೊಡುವುದಿಲ್ಲ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುಗಿಸಿದೆ. ತಿರುಗಿತು. ಬಿಟ್ಟೆ. ವಾಪಸು ಬರಲಿಲ್ಲ. ಎಂಜಿನ್ ಕಿರುಚುತ್ತಲೇ ಇದೆ. ಮೇಲಿಂದ ಓನರ್ ಅಂಕಲ್ ಬನಿಯನ್ನಿನಲ್ಲಿ ಇಳಿದು ಬಂದರು, ಪಕ್ಕದ ಮನೆಯ ನಾಯಿ ಊಳಿಟ್ಟಿತು, ನಾನು ಕೀ ಹುಡುಕಿ ಆಫ್ ಮಾಡಿದೆ. ಗಾರ್ಡಿನ ತುದಿ ರಬ್ಬರ್ ಹಿಡಿಗೆ ಒತ್ತಿಕೊಂಡಿದ್ದೇ ಕಾರಣ. ಆ ಬುಷ್ ಇದ್ದದ್ದೇ ಇವೆರಡರ ನಡುವೆ ಸಂದು ಬಿಡಲು. ಇದು ರಸ್ತೆಯಲ್ಲಿ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗಾರ್ಡ್ ಹಾಕುವವರು ಬೇರೆ ಏನು ಮರೆತರೂ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಟಪ್ಪಂತ ವಾಪಸು ಬರುತ್ತದಾ ಅಂತ ನೋಡಿ. ಮತ್ತೆ ಬಿಚ್ಚಿ, ಬುಷ್ ಹಾಕಿ, ಬಿಗಿದೆ. ಟಪ್ಪಂತ ಬಂತು. ಬುಷ್ಷಿನಿಂದ ಗಾಡಿ ಎರಡೂ ಕಡೆ ಇನ್ನಷ್ಟು ಅಗಲವಾಯಿತು ಅನ್ನುವುದು ಆಗ ತಲೆಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಐದೂ ಹತ್ತು. ಧನುರ್ಮಾಸ. ದೇವಸ್ಥಾನದ ಗಂಟೆ ಕೇಳುತ್ತಿದೆ, ಬೀದಿಯಲ್ಲಿ ಮಂಜು. ಎಂಜಿನ್ ಬಿಸಿಯಾಗಲೆಂದು ಸ್ಟಾರ್ಟ್ ಮಾಡಿಕೊಂಡೇ ಬೈಕನ್ನು ತಳ್ಳಿ ಹೊರಗೆ ತರುವುದು ನನ್ನ ರೂಢಿ. ಕನ್ನಡಿ ಮಡಚಿದೆ, ಚಿಕ್ಕ ಗೇಟಿಗೆ ನುಗ್ಗಿಸಿದೆ. ಟಕ್.

ಹಿಂದೆ ಎಳೆದು ಮತ್ತೆ ನುಗ್ಗಿಸಿದೆ. ಟಕ್ ಟಕ್. ಎರಡೂವರೆ ಅಡಿ ಅಂದರೆ ಮೂವತ್ತು ಇಂಚು. ನನ್ನ ಹ್ಯಾಂಡಲ್ ಇಪ್ಪತ್ತೊಂಬತ್ತು. ಈಗ ಗಾರ್ಡು, ಬುಷ್ಷು ಸೇರಿ ಮೂವತ್ತೊಂದು. ಹಡಗು ಬಾಟಲಿಯೊಳಗೆ ಕಟ್ಟುವವರಿಗಾದರೂ ಅದನ್ನು ಹೊರಗೆ ತರುವ ಯೋಚನೆ ಇರುವುದಿಲ್ಲ.

ಹ್ಯಾಂಡಲ್ ಓರೆ ಮಾಡಿ ಬಲಗಡೆಯನ್ನು ಮೊದಲು ದಾಟಿಸಿದೆ. ದಾಟಿತು! ಗೆದ್ದೆ ಅಂದುಕೊಂಡು ಎಡಗಡೆಯನ್ನು ಎಳೆದೆ. ಗೇಟಿನ ಕಂಬ ಎಡ ಗಾರ್ಡನ್ನು ಒಳಕ್ಕೆ ಒತ್ತಿತು, ಗಾರ್ಡು ಬಗ್ಗಿ ಸರಿಯಾಗಿ ಹಾರ್ನ್ ಬಟನ್ನಿನ ಮೇಲೆ ಕೂತಿತು.

ಪೀಂಽಽಽಽ.

ಮುಂದೆ ಮೋರಿ ಚಪ್ಪಡಿಯ ಇಳಿಜಾರು, ಒಂದು ಕೈ ಬ್ರೇಕಿನ ಮೇಲೆ, ಇನ್ನೊಂದು ಕ್ಲಚ್ಚಿನ ಮೇಲೆ. ಕೈ ಬಿಟ್ಟರೆ ಗಾಡಿ ಬೀಳುತ್ತದೆ, ಬಿಡದಿದ್ದರೆ ಹಾರ್ನ್ ನಿಲ್ಲುವುದಿಲ್ಲ. ಬೀದಿಯ ಲೈಟುಗಳು ಒಂದೊಂದಾಗಿ ಹತ್ತಿದವು. ದೇವಸ್ಥಾನದಿಂದ ದೊನ್ನೆಯಲ್ಲಿ ಹುಗ್ಗಿ ಹಿಡಿದು ಬರುತ್ತಿದ್ದ ಮೂರು ಜನ ಆಂಟಿಯರು ಎದುರಿಗೆ ನಿಂತು, ಹುಗ್ಗಿ ತಿನ್ನುತ್ತಲೇ ನೋಡತೊಡಗಿದರು. ಓನರ್ ಅಂಕಲ್ ಬಾಲ್ಕನಿಯಿಂದ, "ಹಿಂದಕ್ ತಗೊಳ್ರೀ! ಹಿಂದಕ್ಕೆ!" ಅನ್ನುತ್ತಿದ್ದಾರೆ. ಆಂಟಿಯೊಬ್ಬರು, "ಇಲ್ಲ ಇಲ್ಲ, ಮುಂದಕ್ಕೇ ಬರ್ಲಿ, ಇನ್ನೊಂದು ಚೂರಿದೆ" ಅನ್ನುತ್ತಿದ್ದಾರೆ. ಬಹುಮತ ಮುಂದಕ್ಕೇ ಇತ್ತು. ಅಷ್ಟರಲ್ಲಿ ಕಣ್ಣುಜ್ಜಿಕೊಂಡು ಎದ್ದು ಬಂದ ಮಗಳು ನನ್ನ ಕಂಕುಳ ಕೆಳಗೆ ತೂರಿ, ಕೀ ತಿರುಗಿಸಿ ಆಫ್ ಮಾಡಿ, ಏನೂ ಮಾತಾಡದೆ ಹೋಗಿ ಮಲಗಿದಳು.

ಅಂದಿನಿಂದ ಹೊಸ ದಿನಚರಿ. ಬೆಳಿಗ್ಗೆ ಐದಕ್ಕೆ ಅಲೆನ್ ಕೀ ಹಿಡಿದು ಎಡ ಗಾರ್ಡು ಬಿಚ್ಚುವುದು, ಬೈಕ್ ಹೊರಗೆ ತರುವುದು, ಬೀದಿ ದೀಪದ ಕೆಳಗೆ ಮತ್ತೆ ಬಿಗಿಯುವುದು. ಗ್ಲೌಸ್ ಹಾಕಿಕೊಂಡು ಅಲೆನ್ ಕೀ ಹಿಡಿಯಲಾಗದು, ಬರಿಗೈಯೇ ಬೇಕು. ರಾತ್ರಿಯೆಲ್ಲ ಹೊರಗಿದ್ದ ಕಬ್ಬಿಣ, ಅಲ್ಯೂಮಿನಿಯಂ ಮುಟ್ಟಿ ಮುಟ್ಟಿ, ಹೊರಡುವ ಮೊದಲೇ ಬೆರಳು ಮರಗಟ್ಟಿರುತ್ತಿತ್ತು. ಕೈ ಬೆಚ್ಚಗಿರಲೆಂದು ದಿನಾ ಹತ್ತು ನಿಮಿಷ ಕೈ ತಣ್ಣಗೆ ಮಾಡಿಕೊಳ್ಳುವ ವ್ರತ. ಆಂಟಿಯರಿಗೆ ಅಭ್ಯಾಸವಾಗಿ, ಒಬ್ಬರು ನನಗೂ ಒಂದು ದೊನ್ನೆ ಹುಗ್ಗಿ ತರತೊಡಗಿದರು. ಇಡೀ ಪ್ರಕರಣದಲ್ಲಿ ಕೈಗೆ ನಿಜವಾಗಿ ಬಿಸಿ ಕೊಟ್ಟದ್ದು ಅದೊಂದೇ.

ಗಾರ್ಡು ಕೆಲಸ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ಮಾಡಿತು. ಗೆಣ್ಣಿನ ಮೇಲೆ ಚಾಕು ಇಟ್ಟ ಹಾಗೆ ಬೀಳುತ್ತಿದ್ದ ಗಾಳಿ ನಿಂತಿತು. ಆದರೆ ಗಾಳಿ ಎಲ್ಲಿಗಾದರೂ ಹೋಗಬೇಕಲ್ಲ, ಅದು ಗಾರ್ಡಿನ ಕೆಳಗಿಂದ ಬಳಸಿಕೊಂಡು ನನ್ನ ಜರ್ಕಿನ್ನಿನ ತೋಳಿನೊಳಗೆ ಹೊಕ್ಕು, ನೇರ ಕಂಕುಳಿಗೆ ಹೋಗತೊಡಗಿತು. ಫ್ಯಾಕ್ಟರಿ ಗೇಟಿನಲ್ಲಿ ಬೆರಳು ಕಾಯಿಸಿಕೊಳ್ಳಲು ಈಗ ಆ ಜಾಗವೂ ಉಳಿಯಲಿಲ್ಲ.

ಹತ್ತು ದಿನ ಕಳೆದ ಮೇಲೆ ರಾಜಾನುಕುಂಟೆಯಲ್ಲಿ ಮತ್ತೆ ಆ ಹೂವಿನವರು ಸಿಕ್ಕರು. ನನ್ನ ಗಿಳಿಹಸಿರನ್ನು ಸುತ್ತಾಡಿ ನೋಡಿದರು, ಬೆರಳಲ್ಲಿ ತಟ್ಟಿದರು.

"ಚೆನ್ನಾಗಿದೆ ಸಾರ್. ಎಷ್ಟಾಯ್ತು?"

"ಆರುನೂರು" ಅಂದೆ. ಸಾವಿರದ ಇನ್ನೂರು ನಾಲಿಗೆಯ ಮೇಲೇ ಉಳಿಯಿತು.

"ಆರುನೂರಾ!" ಅಂತ ಅವರು ಹುಬ್ಬೇರಿಸಿ, ಆಮೇಲೆ ತಮ್ಮ ಗಾಡಿಯತ್ತ ತಿರುಗಿ ಎಣ್ಣೆ ಕ್ಯಾನನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. ಅದು ಮಲಗಿತು. ಬಿಟ್ಟರೆ ಎದ್ದಿತು. "ನಮ್ಮ ಮನೆ ಸಂದಿ ಬಾಳ ಚಿಕ್ಕದು ಸಾರ್. ಹಿಂಗೆ ಬಗ್ಗೋದಾದ್ರೆ ಸುಲಭ."

ಆ ಸಂಜೆ ಮನೆಗೆ ಬಂದವನು ಶೂ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತು, ಕೈ ಚಾಚಿ ಎಣ್ಣೆ ಕ್ಯಾನು ಎತ್ತಿ ನೋಡಿದೆ. ಮುಕ್ಕಾಲು ಪಾಲು ತುಂಬಿತ್ತು.

"ಏನ್ರೀ ಅದು?" ಅಂದಳು ಹೆಂಡತಿ.

"ಏನಿಲ್ಲ. ಬೋಂಡ ಮಾಡ್ತೀಯಾ ಇವತ್ತು?" ಅಂದೆ. "ನಾಳೇನೂ."