ಬೆಟ್ಟಕ್ಕೆ ಹೊರಟ ಇಬ್ಬರು ಅಳಿಯಂದಿರು

ನಮ್ಮ ವಿಷಯದಲ್ಲಿ ಬೆಟ್ಟಕ್ಕಿಂತ ಮೊದಲು ಟೆಂಟ್ ಬಂತು. ಎಡವಟ್ಟು ಶುರುವಾಗಿದ್ದೇ ಅಲ್ಲಿ.

ನನ್ನ ಷಡ್ಡಕ ದೀಪಾವಳಿ ರಿಯಾಯಿತಿಯಲ್ಲಿ ನಾಲ್ಕು ಜನ ಮಲಗುವ ಟೆಂಟ್ ಕೊಂಡ. ಜೊತೆಗೆ ಐವತ್ತು ಲೀಟರಿನ ಎರಡು ಬೆನ್ನುಚೀಲ. ಅದರಲ್ಲೊಂದನ್ನು ನನ್ನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟ. ಚೀಲವನ್ನೂ ಲೀಟರಿನಲ್ಲಿ ಅಳೆಯುತ್ತಾರೆಂದು ನನಗೆ ಗೊತ್ತಾಗಿದ್ದು ಆಗಲೇ. ನಮ್ಮನೆಯಲ್ಲಿ ಐವತ್ತು ಲೀಟರು ಅಂದರೆ ಬಚ್ಚಲಿನ ನೀಲಿ ಡ್ರಮ್ಮು. ಆರು ತಿಂಗಳು ನನ್ನಾಕೆ ಆ ಚೀಲದಲ್ಲಿ ಹಳೆ ಬೆಡ್‌ಶೀಟು ತುಂಬಿಟ್ಟಿದ್ದಳು.

"ಭಾವ, ಒಂದು ಬೆಟ್ಟ, ಸುತ್ತ ಕಾಡು, ಮೇಲೆ ನಮ್ಮ ಟೆಂಟು. ಒಂದೇ ರಾತ್ರಿ. ಅಷ್ಟೇ" ಅಂದ. ಆ 'ಅಷ್ಟೇ'ಗೆ ಎರಡು ವರ್ಷ ಹಿಡಿಯಿತು.

ಸಾಫ್ಟ್‌ವೇರಿನವನಲ್ಲವೇ, ಮೊದಲ ದಿನವೇ ಎಕ್ಸೆಲ್ ಶೀಟ್ ತೆರೆದ. ಹೆಣ್ಣು ನೋಡುವಾಗಲೂ ನಮ್ಮ ಕಡೆಯವರು ಇಷ್ಟು ವಿಚಾರಿಸಿರಲಿಲ್ಲ. ಎತ್ತರ ಎಷ್ಟು, ನೀರು ಎಲ್ಲಿ, ಇಂಬಳ (ರಕ್ತ ಹೀರುವ ಕಾಡುಜಿಗಣೆ) ಇದೆಯೋ ಇಲ್ಲವೋ. ಶೀಟನ್ನು ಮನೆಮಂದಿಗೆಲ್ಲ ಕಳಿಸಿದ್ದು ಅವನ ಎರಡನೇ ತಪ್ಪು. ನನ್ನಾಕೆ 'ಶೌಚಾಲಯ' ಅಂತ ಒಂದು ಕಾಲಂ ಸೇರಿಸಿದಳು. ನಾದಿನಿ 'ಬೆಳಿಗ್ಗೆ ಕಾಫಿ' ಸೇರಿಸಿದಳು. ಮಗಳು 'ನೆಟ್‌ವರ್ಕ್' ಅಂತ ಬರೆದು ಕೆಂಪು ಬಣ್ಣ ಬಳಿದಳು. ನಾನು ಯಾರಿಗೂ ಕಾಣದ ಹಾಗೆ ಕೊನೆಯಲ್ಲಿ 'ಮಂಡಿ' ಅಂತ ಸೇರಿಸಿದೆ. ಬಲ ಮಂಡಿ ಒಂದು, ಎಡ ಮಂಡಿ ಒಂದು, ಎರಡು ಕಾಲಂ.

ಮೊದಲು ಪರಿಶೀಲನೆಗೆ ಬಂದದ್ದು ಕುಮಾರಪರ್ವತ, 1712 ಮೀಟರ್. ಕಾಲೇಜಿನಲ್ಲಿದ್ದಾಗ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವನು ನಾನು. ದಾರಿಮಧ್ಯೆ ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಊಟ ಸಿಕ್ಕಾಗ, ಸ್ವರ್ಗ ಅಂದರೆ ಬಿಸಿ ಅನ್ನಕ್ಕೆ ಮಜ್ಜಿಗೆ ಅಂತ ನಿರ್ಧರಿಸಿದ್ದೆ. ಇಳಿದು ಬಂದ ಮೇಲೆ ನಾಲ್ಕು ದಿನ ಹಾಸ್ಟೆಲಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಆ ಕಥೆ ಮನೆಯಲ್ಲಿ ಹೇಳಿರಲಿಲ್ಲ. ನನ್ನ ಪುಣ್ಯಕ್ಕೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಸಾಗರದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ತಿರುಪತಿಯ ಕ್ಯೂನಲ್ಲಾದರೆ ಕೊನೆಗೆ ಲಡ್ಡು ಸಿಗುತ್ತದೆ, ಇಲ್ಲಿ ಮುಂದಿನವನ ಬೂಟು ಮಾತ್ರ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಕೆಲಕಾಲ ನಿಲ್ಲಿಸಿಬಿಟ್ಟಿತು. ನನ್ನ ಮಂಡಿಗಳು ಇಲಾಖೆಗೆ ಮನಸ್ಸಿನಲ್ಲೇ ಕೈಮುಗಿದವು. (ಮಂಡಿಗೆ ಕೈ ಎಲ್ಲಿಂದ ಬಂತು ಅಂತ ಕೇಳಬೇಡಿ.)

ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ. ಆದರೆ ಮುಕ್ಕಾಲು ಪಾಲು ಕಾರೇ ಹೋಗುತ್ತದೆ, ಉಳಿದದ್ದಕ್ಕೆ ಮೆಟ್ಟಿಲಿದೆ. "ಮೆಟ್ಟಿಲಿದ್ದರೆ ಅದು ಬೆಟ್ಟ ಅಲ್ಲ ಭಾವ, ಅಪಾರ್ಟ್‌ಮೆಂಟು" ಅಂದು ಷಡ್ಡಕ ಗೆರೆ ಎಳೆದ. ಕೊಡಚಾದ್ರಿಗೆ ಜೀಪು ಹೋಗುತ್ತದೆ. ಆ ಜೀಪಿನಲ್ಲಿ ಕೂತವರಿಗೆ ನಡೆದುಹೋದವರ ಮೇಲೆ ಹೊಟ್ಟೆಕಿಚ್ಚು ಬರುತ್ತದೆಂದು ನಾದಿನಿ ಸ್ವಾನುಭವದಿಂದ ಹೇಳಿದಳು. ತಡಿಯಂಡಮೋಳ್ ಚೆನ್ನಾಗಿದೆ, ಬುಡದಲ್ಲೇ ನಾಲ್ಕುನಾಡು ಅರಮನೆಯೂ ಇದೆ, ಆದರೆ ಹೆಸರು ಹೇಳುವಷ್ಟರಲ್ಲಿ ನನ್ನಾಕೆಗೆ ಸುಸ್ತಾಯಿತು.

ಉಳಿದದ್ದು ಕುದುರೆಮುಖ. ಹುಲ್ಲಿನ ಬೋಳುಗುಡ್ಡ, ಮಡಿಕೆ ಮಡಿಕೆಗೆ ಶೋಲಾ ಕಾಡು, ನೋಡಿದರೆ ಯಾರೋ ಹಸಿರು ಕಂಬಳಿ ಹೊದ್ದು ಮಲಗಿದ ಹಾಗೆ. ಷಡ್ಡಕ ಅಲ್ಲಿ ಸೂರ್ಯೋದಯ ನೋಡುವ ಕನಸನ್ನು ನನಗೂ ಹತ್ತಿಸಿದ. ಆದರೆ ಅದು 1987ರಿಂದ ರಾಷ್ಟ್ರೀಯ ಉದ್ಯಾನ. ಅನುಮತಿ ತಗೊಳ್ಳಿ, ಗೈಡ್ ಜೊತೆ ಹತ್ತಿ, ಸಂಜೆಯೊಳಗೆ ಇಳಿದುಬಿಡಿ. ಎಲ್ಲಿ ವಿಚಾರಿಸಿದರೂ ಇದೇ ಉತ್ತರ. ಕಾಡಿನಲ್ಲಿ ರಾತ್ರಿ ಉಳಿಯುವ ಹಕ್ಕು ಕಾಡಿನವರಿಗೆ, ಅಂದರೆ ಕಾಟಿ, ಚಿರತೆ, ಕಾಳಿಂಗ ಸರ್ಪಗಳಿಗೆ. ನಿಜ ಹೇಳಬೇಕೆಂದರೆ ನನಗಿದರಲ್ಲಿ ತಕರಾರಿಲ್ಲ. ಬೆಟ್ಟದ ನೆತ್ತಿಯ ಮೇಲೆ ಗುಟ್ಕಾ ಪೊಟ್ಟಣ ಕಂಡವರು ಯಾರೂ ತಕರಾರು ಮಾಡಲಾರರು. ಆದರೆ ಹನ್ನೊಂದು ಸಾವಿರ ಕೊಟ್ಟ ಟೆಂಟಿಗೆ ಇದನ್ನು ಹೇಗೆ ಹೇಳುವುದು?

ಇನ್ನು ಕ್ಯಾಲೆಂಡರಿನದ್ದು ಬೇರೆ ಕಥೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ಬಂದ್. ಮಳೆಗಾಲದಲ್ಲಿ ಮಳೆಗೆ ಬಂದ್. ಮಿಕ್ಕ ನಾಲ್ಕು ತಿಂಗಳಲ್ಲಿ ನವರಾತ್ರಿ, ದೀಪಾವಳಿ, ಮಗಳ ಪರೀಕ್ಷೆ, ಷಡ್ಡಕನ ಆಫೀಸಿನ 'ರಿಲೀಸು', ಮತ್ತೆ ಬುಕಿಂಗ್ ತೆರೆದ ಕೂಡಲೇ ಶನಿವಾರಗಳನ್ನೆಲ್ಲ ನುಂಗಿಬಿಡುವ ಬೆಂಗಳೂರಿನ ಅರ್ಧ ಜನಸಂಖ್ಯೆ.

ಎರಡನೇ ವರ್ಷದ ಕೊನೆಗೆ ನನ್ನಾಕೆ ಬೀನ್ಸ್ ಬಿಡಿಸುತ್ತಾ, "ನಮ್ಮ ದೊಡ್ಡಪ್ಪನ ಮನೆ ಹಿಂದೇನೇ ಗುಡ್ಡ ಇದೆಯಲ್ರೀ" ಅಂದಳು.

ತೀರ್ಥಹಳ್ಳಿ ಕಡೆಯ ಮನೆ. ಮನೆ ಮುಂದೆ ಅಡಿಕೆ ತೋಟ, ಹಿಂದೆ ಅವರದೇ ಬ್ಯಾಣ, ಅಂದರೆ ಹುಲ್ಲುಗಾವಲು, ಅದರಾಚೆ ಗುಡ್ಡ. ಷಡ್ಡಕ ಸರ್ವೇ ಆಫ್ ಇಂಡಿಯಾದ ನಕ್ಷೆ ತೆರೆದ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆ ಅನ್ನುವುದನ್ನು ಹೈಸ್ಕೂಲಿನ ಭೂಗೋಳದ ನಂತರ ನಾನು ನೋಡಿದ್ದು ಅವತ್ತೇ. ಗೆರೆಗೂ ಗೆರೆಗೂ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆ ದೂರ ದೂರ ಇದ್ದರೆ ಕಾಲಿಗೆ ಸುಖ, ಒತ್ತುಶ್ಯಾವಿಗೆ ಹಾಗೆ ಒಂದರ ಮೇಲೊಂದು ಬಿದ್ದಿದ್ದರೆ ಕಡಿದಾದ ಏರು. ಹದಿನೈದು ಗೆರೆ, 300 ಮೀಟರ್. ದೂರ ನಕ್ಷೆಯಲ್ಲಿ ನಾಲ್ಕು ಸೆಂಟಿಮೀಟರ್, ನನ್ನ ಹೆಬ್ಬೆರಳಿನಷ್ಟೂ ಇಲ್ಲ. "ನೆಲದ ಮೇಲೆ ಎರಡು ಕಿಲೋಮೀಟರ್" ಅಂದ. ಆಮೇಲೆ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನವನು 1892ರಲ್ಲಿ ಮಾಡಿಟ್ಟ ಲೆಕ್ಕ ಹೇಳಿದ. ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. "ನಮಗೆ ಐವತ್ನಾಲ್ಕು ನಿಮಿಷ ಭಾವ!" ಶೀಟಿನಲ್ಲಿ ಶೌಚಾಲಯ, ಕಾಫಿ ಎಲ್ಲಕ್ಕೂ ಹಸಿರು ಬಿತ್ತು. ಎರಡು ವರ್ಷ ರಾಜ್ಯವೆಲ್ಲ ಜಾಲಾಡಿ ಆರಿಸಿದ ಬೆಟ್ಟ ನನ್ನಾಕೆಯ ಬಾಲ್ಯದ ಫೋಟೋದ ಹಿನ್ನೆಲೆಯಲ್ಲಿತ್ತು.

ನಾವು ಹೋದದ್ದು ನವೆಂಬರಿನಲ್ಲಿ, ಅಡಿಕೆ ಗೊನೆ ಕೊಯ್ಯುವ ಕಾಲಕ್ಕೆ ಸರಿಯಾಗಿ. ಅಂಗಳದ ತುಂಬ ಅಡಿಕೆ, ಹಂಡೆಯಲ್ಲಿ ಕುದಿಯುವ ಅಡಿಕೆಯ ಚೊಗರಿನ ವಾಸನೆ. ದೊಡ್ಡಪ್ಪ ನಮ್ಮ ಬೆನ್ನುಚೀಲಗಳನ್ನು ಸುತ್ತಿ ಬಂದು ನೋಡಿದರು.

"ಆ ಗುಡ್ಡದ ಮೇಲೆ ಎಂಥ ಇದೆ ಅಳಿಯಂದಿರೇ? ತಪ್ಪಿಸ್ಕೊಂಡ ದನ ಹುಡುಕಕ್ಕೆ ಬಿಟ್ರೆ ನಾವ್ಯಾರೂ ಹತ್ತಲ್ಲ ಮಾರಾಯ್ರೆ."

ನೇಸ್ಮಿತ್ ಮಹಾಶಯ ನಡೆದಿದ್ದು ಸ್ಕಾಟ್‌ಲೆಂಡಿನ ಬೆಟ್ಟದಲ್ಲಿ. ಅವನ ಬೆನ್ನ ಮೇಲೆ ದೊಡ್ಡಮ್ಮ ತುಂಬಿಸಿದ ಚಕ್ಕುಲಿ ಡಬ್ಬ, ಹಲಸಿನ ಹಪ್ಪಳ, ಉಪ್ಪಿನಕಾಯಿ ಜಾಡಿ ಇರಲಿಲ್ಲ. ಐವತ್ನಾಲ್ಕನೇ ನಿಮಿಷದಲ್ಲಿ ನಾವು ಆರನೇ ಗೆರೆಯ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದೆವು. ಆಗಲೇ ನನ್ನ ಬಿಳಿ ಕಾಲುಚೀಲ ಕೆಂಪಾಗಿದ್ದು ಕಂಡದ್ದು. ಇಂಬಳ ಮರ್ಯಾದಸ್ಥ ಪ್ರಾಣಿ. ಕಚ್ಚಿದ್ದು ಗೊತ್ತಾಗಗೊಡುವುದಿಲ್ಲ, ಹೊಟ್ಟೆ ತುಂಬಿದ ಮೇಲೆ ತಾನೇ ಎದ್ದು ಹೋಗುತ್ತದೆ, ನಮ್ಮ ಕೆಲವು ನೆಂಟರಿಗಿಂತ ವಾಸಿ. ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಏನನ್ನೋ ಬಿಟ್ಟು ಹೋಗುವುದರಿಂದ ಅದು ಎದ್ದುಹೋದ ಮೇಲೂ ಸೋರುತ್ತಲೇ ಇರುತ್ತದೆ. ನನಗೆ ಏಳು, ಷಡ್ಡಕನಿಗೆ ನಾಲ್ಕು. ಹಿರಿಯ ಅಳಿಯ ಅನ್ನುವ ಗೌರವ ಅವಕ್ಕೂ ಇತ್ತು.

ಇನ್ನೊಂಬತ್ತು ಗೆರೆ ಬಾಕಿ ಇರುವಾಗಲೇ ಕತ್ತಲಾಗುವ ಲಕ್ಷಣ ಕಂಡು ಇಳಿದು ಬಂದೆವು. ಮನೆ ಹಿಂದಿನ ಬ್ಯಾಣದಲ್ಲೇ ಟೆಂಟ್ ಹಾಕುವುದೆಂದಾಯಿತು. ದೊಡ್ಡಪ್ಪ ಎಲೆಅಡಿಕೆ ತಟ್ಟೆಯಿಂದ ಹೊಗೆಸೊಪ್ಪು, ಸುಣ್ಣ ತೆಗೆದು ನಮ್ಮ ಕಾಲಿಗೆ ತಿಕ್ಕಿದರು. ಜಂಬಿಟ್ಟಿಗೆಯ ನೆಲಕ್ಕೆ ಟೆಂಟಿನ ಗೂಟ ಇಳಿಯಲಿಲ್ಲ. ಮೊದಲನೆಯದು ಬಾಗಿತು, ಎರಡನೆಯದು ಹಾರಿತು, ಮೂರನೆಯದನ್ನು ಇವತ್ತಿಗೂ ಹುಡುಕುತ್ತಿದ್ದೇವೆ. ಅಷ್ಟು ಹೊತ್ತಿಗೆ ಅಡಿಕೆ ಸುಲಿಯಲು ಬಂದವರೆಲ್ಲ ಮೆಟ್ಟುಗತ್ತಿ ಬಿಟ್ಟೆದ್ದು ಟಾರ್ಚು ಹಿಡಿದು ಸುತ್ತ ನಿಂತಿದ್ದರು. ಯಕ್ಷಗಾನಕ್ಕೂ ಅಷ್ಟು ಶಿಸ್ತಿನ ಪ್ರೇಕ್ಷಕರು ಸಿಗುವುದಿಲ್ಲ. ಕೊನೆಗೆ ಅವರಲ್ಲೇ ಒಬ್ಬರು ನಾಲ್ಕು ಅಡಿಕೆ ದಬ್ಬೆ ಕಡಿದು ತಂದು, ಕಲ್ಲು ಹೇರಿ, ಐದು ನಿಮಿಷದಲ್ಲಿ ಟೆಂಟನ್ನು ನಿಲ್ಲಿಸಿಕೊಟ್ಟರು.

"ಮೆತ್ತಿ ಮೇಲೆ ಹಾಸಿಗೆ ಹಾಸಿದೀನಿ" ಅಂದರು ದೊಡ್ಡಮ್ಮ, ಅಳುವುದೊಂದು ಬಾಕಿ. (ಮೆತ್ತಿ ಅಂದರೆ ಆ ಕಡೆ ಮನೆಯ ಮಹಡಿ.) "ಅಳಿಯಂದಿರು ಬ್ಯಾಣದಲ್ಲಿ ಮಲಗಿದ್ರು ಅಂದ್ರೆ ಊರವರು ಎಂಥ ಅಂದ್ಕೊಳ್ತಾರೆ?"

ಬೆಟ್ಟ ಆರಿಸುವಾಗ ಐದು ಜನ ಇದ್ದೆವು. ಮಲಗುವಾಗ ಇಬ್ಬರು. ಹೆಂಗಸರು ಮಕ್ಕಳೆಲ್ಲ ಮೆತ್ತಿ ಹತ್ತಿದರು. ಅರ್ಧ ಗಂಟೆಗೊಮ್ಮೆ ದೊಡ್ಡಮ್ಮ ಏನಾದರೂ ಕಳಿಸುತ್ತಿದ್ದರು. ಮೊದಲು ಕಷಾಯ, ಆಮೇಲೆ ಕಂಬಳಿ, ಆಮೇಲೆ ಎರಡು ಹತ್ತಿ ಹಾಸಿಗೆ, ಕೊನೆಗೆ ಒಂದು ಟೇಬಲ್ ಫ್ಯಾನು. ಕರೆಂಟಿಲ್ಲ ಅಂದದ್ದಕ್ಕೆ ಬೀಸಣಿಗೆ. ನಾಲ್ಕು ಜನ ಮಲಗುವ ಟೆಂಟಿನಲ್ಲಿ ನಾವಿಬ್ಬರೂ ಕಾಲು ಮಡಚಿ ಮಲಗಬೇಕಾಯಿತು. ನಡುರಾತ್ರಿ ಮಳೆ ಅಂತ ಎದ್ದೆ. ಹೊರಗೆ ನಕ್ಷತ್ರ ಹೊಳೆಯುತ್ತಿತ್ತು. ನಮ್ಮಿಬ್ಬರ ಉಸಿರೇ ಟೆಂಟಿನ ಒಳಮೈಯಲ್ಲಿ ನೀರಾಗಿ ನಮ್ಮ ಮೇಲೇ ತೊಟ್ಟಿಕ್ಕುತ್ತಿತ್ತು. ಮನೆಯ ನಾಯಿ ಇಡೀ ರಾತ್ರಿ ಬಾಗಿಲಲ್ಲಿ ಕೂತಿತ್ತು. ಕಾಯುವುದಕ್ಕೋ ಚಕ್ಕುಲಿಗೋ ಗೊತ್ತಿಲ್ಲ.

"ಭಾವ, ಒಳಗೆ ಹೋಗೋಣ್ವಾ?" ಅಂತ ಷಡ್ಡಕ ಮೂರು ಗಂಟೆಗೆ ಕೇಳಿದ. ಹನ್ನೆರಡಕ್ಕೇ ಕೇಳಿದ್ದರೆ ಹೋಗುತ್ತಿದ್ದೆ. ಈಗ ಹೋದರೆ ಅಷ್ಟೂ ಒದ್ದಾಟ ದಂಡ.

ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದಿಂದ ನನ್ನ ಅತ್ತೆಯ ಫೋನು. ದನಿ ತುಂಬ ಮೆತ್ತಗಿತ್ತು.

"ಅಳಿಯಂದಿರೇ, ದೊಡ್ಡಪ್ಪನ ಹತ್ರ ಏನಾದ್ರೂ ಮಾತು ಬಂತಾ? ಹಿರಿಯರು, ಮನಸಿಗೆ ಹಚ್ಕೋಬೇಡಿ. ನಿಮ್ಮಿಬ್ಬರನ್ನೂ ರಾತ್ರಿ ಹೊರಗೆ ಹಾಕಿದ್ರಂತೆ. ಹಾಸಿಗೆನೂ ಹೊರಗೇ ಎಸೆದ್ರಂತೆ?"

ನಾನು ಸಮಜಾಯಿಷಿ ಕೊಡುವಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬೇಲಿ ದಾಟಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ತಿಂಡಿ ನಮ್ಮನೇಲಿ ಮಾಡಿ" ಅಂದರು. ಷಡ್ಡಕ ತಲೆಯೆತ್ತಲಿಲ್ಲ. ಬೆನ್ನಿಗೆ ಹಾಸಿಗೆಯ ಸುರುಳಿ ಆನಿಸಿಕೊಂಡು ಮೊಬೈಲಿನಲ್ಲಿ ಎಕ್ಸೆಲ್ ತೆರೆದು, 'ಹತ್ತಿರದ ಸಂಬಂಧಿಕರ ಮನೆಯಿಂದ ಇರುವ ದೂರ' ಅಂತ ಹೊಸ ಕಾಲಂ ಟೈಪ್ ಮಾಡುತ್ತಿದ್ದ.