ನಾಳೆಯ ನಾನು ಎಂಬ ಮಹಾಪುರುಷ

ನನಗೆ ಗೊತ್ತಿರುವವರಲ್ಲೆಲ್ಲ ಅತ್ಯಂತ ಕಷ್ಟಜೀವಿ ಎಂದರೆ ನಾಳೆಯ ನಾನು. ಬೆಳಗ್ಗೆ ಐದಕ್ಕೆ, ಅಲಾರಂ ಹೊಡೆಯುವ ಮೊದಲೇ ಏಳುತ್ತಾನೆ. ವ್ಯಾಯಾಮ ಮಾಡುತ್ತಾನೆ. ಬಾಕಿ ಉಳಿದ ಹನ್ನೊಂದು ಪತ್ರಗಳಿಗೆ ಉತ್ತರ ಬರೆದು, ಹಲ್ಲಿನ ವೈದ್ಯರಿಗೆ ಫೋನ್ ಮಾಡಿ, ಮೂರು ವರ್ಷದ ರಸೀದಿಗಳನ್ನು ದಿನಾಂಕವಾರು ಜೋಡಿಸಿ, ಉಳಿದ ಹೊತ್ತಿನಲ್ಲಿ ಹೊಸ ಭಾಷೆಯೊಂದನ್ನು ಕಲಿಯುತ್ತಾನೆ. ಅವನಿಗೆ ಸುಸ್ತಿಲ್ಲ, ಮೊಬೈಲ್ ಚಟವಿಲ್ಲ, ಮಧ್ಯಾಹ್ನದ ತೂಕಡಿಕೆಯೂ ಇಲ್ಲ. ಅವನ ಮೇಲಿರುವಷ್ಟು ಭರವಸೆ ನನಗೆ ನನ್ನ ಮೇಲಿಲ್ಲ. ಒಂದೇ ಒಂದು ಕೊರತೆ: ಈವರೆಗೆ ಅವನು ಒಮ್ಮೆಯೂ ಕೆಲಸಕ್ಕೆ ಹಾಜರಾಗಿಲ್ಲ.

ಈ ಮಹಾಶಯನನ್ನು ನಂಬಿ ಕೂತವನು ನಾನೊಬ್ಬನೇ ಅಲ್ಲ ಎಂಬುದೇ ಸಮಾಧಾನ. ಹಾಲ್ ಹರ್ಷ್‌ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರೊಡನೆ ಸೇರಿ ಜನರ ಮಿದುಳನ್ನು ಸ್ಕ್ಯಾನ್ ಮಾಡಿ, 2009ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಹತ್ತು ವರ್ಷ ಮುಂದಿನ ತನ್ನನ್ನು ನೆನೆಯುವಾಗ ಮಿದುಳು ಈಗಿನ ತನ್ನನ್ನು ನೆನೆಯುವಾಗಿನಂತೆ ವರ್ತಿಸುವುದಿಲ್ಲವಂತೆ. ಬೇರೆ ಯಾರನ್ನೋ ನೆನೆಯುವಾಗ ಹೇಗೋ ಹಾಗೆ ವರ್ತಿಸುತ್ತದಂತೆ. ಈಗ ಅರ್ಥವಾಯಿತು. ಕೆಲಸ ಮುಂದೂಡುವವನನ್ನು ನಾವು ಸುಮ್ಮನೆ ಸೋಮಾರಿ ಎಂದು ಜರಿಯುತ್ತೇವೆ. ಅವನು ಮಾಲೀಕ! ಯಾರೋ ಅಪರಿಚಿತನನ್ನು ಬಿಟ್ಟಿ ದುಡಿಮೆಗೆ ಹಚ್ಚಿ, ತಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಬೆಳಗಾಗುವಷ್ಟರಲ್ಲಿ ಆ ಬಿಟ್ಟಿ ಆಳು ತಾನೇ ಎಂದು ಗೊತ್ತಾಗುತ್ತದೆ, ಆ ಮಾತು ಬೇರೆ. ಗೊತ್ತಾದ ಕೂಡಲೇ ಅವನು ಇನ್ನೊಬ್ಬ ಆಳನ್ನು ಹುಡುಕುತ್ತಾನೆ. ಕನ್ನಡವಂತೂ ಇದಕ್ಕೆ ಮೊದಲೇ ಏರ್ಪಾಡು ಮಾಡಿಕೊಂಡಿದೆ: ನಾಳೆಗೆ ಆಗದಿದ್ದರೆ ನಾಳಿದ್ದು, ಅದೂ ತಪ್ಪಿದರೆ ಆಚೆ ನಾಳಿದ್ದು.

ಬುದ್ಧಿವಂತರಿಗೆ ಈ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಒಮ್ಮೆ ಭಾರತದಲ್ಲಿ ಒಂದು ವರ್ಷ ಇದ್ದರು. ಅವರನ್ನು ನೋಡಲು ಬಂದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್, ಲಗೇಜು ಹೆಚ್ಚಾಯಿತೆಂದು ಬಟ್ಟೆಯ ಒಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಆಮೇಲೆ ಅಮೆರಿಕಕ್ಕೆ ಕಳುಹಿಸಿಕೊಡು ಎಂದರು. ಕಳುಹಿಸುವುದಕ್ಕೆ ಪೂರ್ತಿ ಒಂದು ದಿನ ಹಿಡಿಯುತ್ತದೆ ಎಂದು ಅಕರ್‌ಲಾಫ್ ಲೆಕ್ಕ ಹಾಕಿದರು. ಹಾಕಿ, ನಾಳೆ ಬೆಳಗ್ಗೆ ಕಳುಹಿಸೋಣ ಎಂದು ತೀರ್ಮಾನಿಸಿದರು. ಮರುದಿನವೂ ಅದನ್ನೇ ತೀರ್ಮಾನಿಸಿದರು. ಹೀಗೆ ಎಂಟು ತಿಂಗಳಿಗೂ ಹೆಚ್ಚು ಕಾಲ! ಕೊನೆಗೆ ಇನ್ನೊಬ್ಬ ಸ್ನೇಹಿತರು ಸಾಮಾನು ಸಾಗಿಸುತ್ತಿದ್ದಾಗ ಆ ರಾಶಿಯೊಳಗೆ ಪೆಟ್ಟಿಗೆಯನ್ನೂ ತೂರಿಸಿದರು. ಇದನ್ನೆಲ್ಲ ಅವರೇ 1991ರಲ್ಲಿ ಒಂದು ಪ್ರಬಂಧದಲ್ಲಿ ಒಪ್ಪಿಕೊಂಡಿದ್ದಾರೆ. ಮುಂದೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಮೂವರಿಗೆ ಹಂಚಿಕೆಯಾಯಿತು. ಮೂವರಲ್ಲಿ ಒಬ್ಬರು ಪೆಟ್ಟಿಗೆ ಬಿಟ್ಟುಹೋದವರು, ಇನ್ನೊಬ್ಬರು ಕಳುಹಿಸದೇ ಇದ್ದವರು. ನಮ್ಮ ನಿಮ್ಮ ಮನೆಯ ಮೂಲೆಯಲ್ಲಿರುವ ಪೆಟ್ಟಿಗೆಗಳಿಗೆ ಅಂಥ ಯೋಗವಿಲ್ಲ.

ಈ ಕಥೆಯಲ್ಲಿ ನನಗೆ ಹಿಡಿಸಿದ ಅಂಶ ಬೇರೆ. ಆ ಇನ್ನೂರಕ್ಕೂ ಹೆಚ್ಚು ಬೆಳಗುಗಳಲ್ಲಿ ಯಾವ ಬೆಳಗಿನ ತೀರ್ಮಾನವೂ ಪೆದ್ದುತನದ್ದಲ್ಲ. ಇವತ್ತು ಒಂದು ದಿನ ಹಾಳು ಮಾಡಿಕೊಳ್ಳುವುದಕ್ಕಿಂತ ನಾಳೆ ಹೋದರಾಯಿತು, ಒಂದು ದಿನ ತಡವಾದರೆ ಯಾರ ಗಂಟೇನು ಹೋಯಿತು? ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ವಿವೇಕ, ಒಟ್ಟು ಹಾಕಿದರೆ ಎಂಟು ತಿಂಗಳು.

ಹಾಗಾದರೆ ಮದ್ದೇನು? ಧಾರಾಳವಾಗಿ ಸಮಯ ಕೊಡುವುದು ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್‌ಸ್ಕಿ ಮತ್ತು ಎಲ್ಡಾರ್ ಶಫೀರ್ ಇದನ್ನು ಪರೀಕ್ಷಿಸಿ 1992ರಲ್ಲಿ ಬರೆದರು. ಉದ್ದನೆಯ ಪ್ರಶ್ನಾವಳಿಯೊಂದನ್ನು ತುಂಬಿ ಹಿಂದಿರುಗಿಸಿದರೆ ವಿದ್ಯಾರ್ಥಿಗಳಿಗೆ ಹಣ. ಐದು ದಿನದ ಗಡುವು ಪಡೆದವರಲ್ಲಿ ಶೇ 60ರಷ್ಟು ಮಂದಿ ತಂದುಕೊಟ್ಟರು. 21 ದಿನ ಪಡೆದವರಲ್ಲಿ ಶೇ 42. ಗಡುವೇ ಇಲ್ಲದೆ, ನಿಮಗೆ ಅನುಕೂಲವಾದಾಗ ಕೊಡಿ ಎಂಬ ಮರ್ಯಾದೆಯ ಮಾತು ಕೇಳಿಸಿಕೊಂಡವರಲ್ಲಿ ಶೇ 25. ಉಳಿದವರಿಗೆ ಅನುಕೂಲವೆಂಬುದು ಒದಗಿಬರಲೇ ಇಲ್ಲ.

ಇಷ್ಟು ತಿಳಿದ ಮೇಲೂ ಲೋಕದ ಕಚೇರಿಗಳೆಲ್ಲ ಏನು ಮಾಡುತ್ತವೆ? ಗಡುವು ವಿಸ್ತರಿಸುತ್ತವೆ. ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಸರ್ವರ್ ಕೈಚೆಲ್ಲುತ್ತದೆ, "ಸಾರ್ವಜನಿಕರ ಹಿತದೃಷ್ಟಿಯಿಂದ" ದಿನಾಂಕ ಮುಂದಕ್ಕೆ ಹೋಗುತ್ತದೆ. ಮೊದಲ ವಾರದಲ್ಲೇ ಅರ್ಜಿ ಹಾಕಿದ ಪುಣ್ಯಾತ್ಮ ಮುಖ ಸಪ್ಪಗೆ ಮಾಡಿಕೊಂಡು, ಮುಂದಿನ ಸಲ ತಾನೂ ಬುದ್ಧಿವಂತನಾಗುವುದೆಂದು ನಿಶ್ಚಯಿಸುತ್ತಾನೆ. ವಿಸ್ತರಿಸಿದ ದಿನಾಂಕದ ಕೊನೆಯ ಗಂಟೆಯಲ್ಲಿ ಸರ್ವರ್ ಮತ್ತೆ ಕೈಚೆಲ್ಲುತ್ತದೆ.

ಕಚೇರಿಯ ಭಾಷೆಗೂ ಇಲ್ಲೊಂದು ನಮಸ್ಕಾರ ಸಲ್ಲಬೇಕು. "ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ವಾಕ್ಯವನ್ನು ಬಿಡಿಸಿ ನೋಡಿ. ಕರ್ಮಣಿ ಪ್ರಯೋಗವಾದ್ದರಿಂದ ಕರ್ತೃ ಮಾಯವಾದ. ಭವಿಷ್ಯತ್ ಕಾಲವಾದ್ದರಿಂದ ದಿನಾಂಕವೂ ಮಾಯ. ಕೊನೆಗೆ ಉಳಿಯುವುದು ಕರ್ಮ, ಅದು ಅರ್ಜಿದಾರನದು. "ಪರಿಶೀಲನೆಯಲ್ಲಿದೆ" ಎನ್ನುವುದು ಇನ್ನೂ ಒಂದು ಕೈ ಮೇಲು. ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಕಡತವೇ ಪರಿಶೀಲನೆ ಎಂಬ ಊರಿಗೆ ಹೋಗಿ ನೆಲೆಸಿದಂತಿದೆ.

ಗಾದೆಗಳೂ ಎರಡು ಕಡೆಯವರಿಗೂ ಸಾಕ್ಷಿ ಹೇಳುತ್ತವೆ. ಬೇರೆಯವರು ತಡ ಮಾಡಿದರೆ ಆಲಸ್ಯಂ ಅಮೃತಂ ವಿಷಂ. ನಾವೇ ಮಾಡಿದರೆ ನಿಧಾನವೇ ಪ್ರಧಾನ.

ಇರಲಿ, ಸೋಮಾರಿತನದ ಆರೋಪಕ್ಕೆ ಮರಳುತ್ತೇನೆ. ಮುಂದೂಡುವವನು ಸುಮ್ಮನೆ ಮಲಗಿರುತ್ತಾನೆ ಎಂದು ತಿಳಿದವರು ಅವನನ್ನು ಹತ್ತಿರದಿಂದ ನೋಡಿಲ್ಲ. ಬರೆಯಬೇಕಾದ ವರದಿಯನ್ನು ತೆರೆಯುತ್ತಾನೆ. ಮೊದಲ ಸಾಲಿನಲ್ಲಿ ಕರ್ಸರ್ ಮಿನುಗುತ್ತದೆ. ಹೊಟ್ಟೆಯಲ್ಲಿ ಏನೋ ಒಂದು ತಳಮಳ. ತಕ್ಷಣ ಮೇಜಿನ ಮೇಲೆ ಧೂಳಿರುವುದು ಕಾಣುತ್ತದೆ. ಧೂಳಿನಲ್ಲಿ ಕೂತು ವರದಿ ಬರೆಯಲಾದೀತೇ? ಒರೆಸುತ್ತಾನೆ. ಒರೆಸುವಾಗ ಡ್ರಾಯರ್ ಎಳೆದರೆ ಒಳಗೆ ಹದಿನಾಲ್ಕು ಪೆನ್ನು. ಒಂದೊಂದನ್ನೂ ಗೀಚಿ ನೋಡಿ, ಬರೆಯುವುವು ಒಂದು ಕಡೆ, ಬರೆಯದವು ಒಂದು ಕಡೆ ಇಡುತ್ತಾನೆ. ಬರೆಯದ ಪೆನ್ನಿನ ತುದಿಗೆ ಊದುತ್ತಾನೆ, ಅಂಗೈಯಲ್ಲಿ ಉಜ್ಜುತ್ತಾನೆ, ಮತ್ತೆ ಗೀಚುತ್ತಾನೆ. ಆ ಒಂದು ಗಂಟೆ ಅವನು ತೋರಿದ ಶ್ರದ್ಧೆಯಲ್ಲಿ ಅರ್ಧವನ್ನು ವರದಿಗೆ ತೋರಿದ್ದರೆ ಅದು ಮುಗಿದಿರುತ್ತಿತ್ತು. ಫ್ಯೂಷಿಯಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಹೇಳಿದ್ದು ಇದನ್ನೇ: ಮುಂದೂಡುವಿಕೆಯ ಬೇರು ಇರುವುದು ಗಡಿಯಾರದಲ್ಲಲ್ಲ, ಆ ಹೊಟ್ಟೆಯ ತಳಮಳದಲ್ಲಿ. ಕೆಲಸ ಹುಟ್ಟಿಸುವ ಅಳುಕನ್ನು ಈ ಕ್ಷಣಕ್ಕೆ ತಳ್ಳಿಹಾಕಿದರೆ ಈ ಕ್ಷಣಕ್ಕೆ ಹಾಯೆನಿಸುತ್ತದೆ. ಅದಕ್ಕೇ ಸಮಯ ನಿರ್ವಹಣೆಯ ಆ್ಯಪ್‌ಗಳನ್ನು ಕೊಂಡವರು, ಆ್ಯಪ್‌ನಲ್ಲಿ ಕೆಲಸಗಳಿಗೆ ಬಣ್ಣ ಬಳಿಯುತ್ತ ದಿನ ಕಳೆಯುವುದು. ಕೆಂಪು ತುರ್ತು, ಹಳದಿ ಮುಖ್ಯ, ಹಸಿರು ಮುಗಿದದ್ದು. ಹಸಿರು ಬಣ್ಣದ ಡಬ್ಬಿ ಇನ್ನೂ ತೆರೆದಿಲ್ಲ.

ಕೆಲಸ ತಡವಾದರೆ ಒಂದಲ್ಲ ಒಂದು ದಿನ ಮುಗಿಯುತ್ತದೆ. ನಿರ್ಧಾರ ತಡವಾದರೆ? ಅದೂ ಮುಗಿಯುತ್ತದೆ, ನಮ್ಮನ್ನು ಕೇಳದೆ. ಇದು ನನ್ನ ಸ್ವಂತ ಅನುಭವ.

ಪರಿಚಯದವರೊಬ್ಬರು ಪತ್ರ ಬರೆದು, ತಮ್ಮ ಸಂಸ್ಥೆಯ ಸಮಾರಂಭಕ್ಕೆ ತರುವ ಸ್ಮರಣ ಸಂಚಿಕೆಯ ಸಮಿತಿಗೆ ಸದಸ್ಯರಾಗುತ್ತೀರಾ ಎಂದು ಕೇಳಿದರು. ಓದಿದ ಕ್ಷಣವೇ ನನ್ನ ಉತ್ತರ ಸಿದ್ಧವಿತ್ತು: "ಆಗುವುದಿಲ್ಲ, ಕ್ಷಮಿಸಿ." ಎರಡು ಪದ. ಅಷ್ಟು ಒರಟಾಗಿ ಹೇಳುವುದೇ, ಸಂಜೆ ನಾಲ್ಕು ಒಳ್ಳೆಯ ಮಾತು ಸೇರಿಸಿ ಬರೆಯೋಣ ಎಂದುಕೊಂಡೆ. ಮೂರನೆಯ ದಿನದ ಹೊತ್ತಿಗೆ ಪತ್ರಕ್ಕೆ ತಡವಾದದ್ದರ ಕ್ಷಮಾಪಣೆಯೂ ಸೇರಬೇಕಾಯಿತು. ವಾರ ಕಳೆದಾಗ ಕ್ಷಮಾಪಣೆಗೊಂದು ಕಾರಣ ಬೇಕಾಯಿತು. ಎರಡು ವಾರಕ್ಕಾದರೆ ಜ್ವರ ಸಾಕು. ತಿಂಗಳು ದಾಟಿದರೆ ಕನಿಷ್ಠ ಒಂದು ಮೂಳೆಯಾದರೂ ಮುರಿದಿರಬೇಕು. ನನ್ನ ಮೂಳೆಗಳೆಲ್ಲ ಕಲ್ಲಿನಂತೆ ಗಟ್ಟಿಯಾಗಿದ್ದವು. ಹೀಗೆ ಎರಡು ಪದದ ಪತ್ರ ದಿನೇ ದಿನೇ ಬೆಳೆದು, ಬರೆಯಲಾರದಷ್ಟು ದೊಡ್ಡದಾಯಿತು. ಆರನೆಯ ವಾರ ಆಮಂತ್ರಣ ಪತ್ರ ಕೈಸೇರಿತು. ಒಳಪುಟದಲ್ಲಿ ಸಮಿತಿಯ ಸದಸ್ಯರ ಪಟ್ಟಿ, ಅದರಲ್ಲಿ ನಾಲ್ಕನೆಯದು ನನ್ನ ಹೆಸರು. ಮೌನಂ ಸಮ್ಮತಿ ಲಕ್ಷಣಂ! ಬೇಡ ಎಂದು ಮೊದಲ ನಿಮಿಷದಲ್ಲೇ ನಿರ್ಧರಿಸಿದ್ದವನು ಒಂದೂ ಮಾತಾಡದೆ ಹೂಂ ಅಂದುಬಿಟ್ಟಿದ್ದೆ.

ದೇಶಗಳೇ ಹೀಗೆ ಹೂಂ ಅನ್ನುತ್ತವೆ ಎಂದಾಗ ನನ್ನದೇನು ಮಹಾ. ಸಂಶೋಧಕರಾದ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಅಂಗಾಂಗ ದಾನದ ಒಪ್ಪಿಗೆಯ ಲೆಕ್ಕ ತೆಗೆದರು. ಜರ್ಮನಿಯಲ್ಲಿ ಶೇ 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ 99.98. ಗಡಿ ದಾಟಿದೊಡನೆ ಜನ ದಾನಶೂರ ಕರ್ಣರಾದರೆಂದಲ್ಲ. ಜರ್ಮನಿಯಲ್ಲಿ ದಾನ ಮಾಡುವವರು ಮುಂದೆ ಬಂದು ಹೇಳಬೇಕಿತ್ತು, ಆಸ್ಟ್ರಿಯಾದಲ್ಲಿ ಬೇಡದವರು ಮುಂದೆ ಬಂದು ಹೇಳಬೇಕಿತ್ತು. ಎರಡೂ ಕಡೆ ಬಹುಪಾಲು ಜನ ಮುಂದೆ ಬರಲಿಲ್ಲ. ಜೀವ ಉಳಿಸುವಂಥ ನಿರ್ಧಾರವನ್ನೂ ಕೊನೆಗೆ ತೆಗೆದುಕೊಂಡದ್ದು, ಖಾಲಿ ಬಿಟ್ಟ ಚೌಕಕ್ಕೆ ಏನರ್ಥ ಎಂದು ನಿಯಮ ಬರೆದವರು. ಇದು ಗೊತ್ತಿದ್ದೇ ಅಲ್ಲವೇ ಮೊದಲ ತಿಂಗಳು ಉಚಿತ ಕೊಡುವ ಕಂಪನಿಗಳು, ಬೇಡವಾದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಅಷ್ಟು ಧೈರ್ಯವಾಗಿ ಹೇಳುವುದು? ಆ "ಯಾವಾಗ ಬೇಕಾದರೂ" ಎಂಬ ಮಾತಿನ ಮೇಲೇ ಅವರ ವ್ಯಾಪಾರ ನಡೆದಿದೆ.

ನಮ್ಮ ಸ್ಮರಣ ಸಂಚಿಕೆಗೆ ಬರೋಣ. ಮೂರು ವಾರ ಸಾಕು ಎಂದು ಮೊದಲ ಸಭೆಯಲ್ಲಿ ಅಂದಾಜಾಯಿತು. ನಾನು ಓದಿಕೊಂಡವನ ಗತ್ತಿನಲ್ಲಿ ಬಾಯಿ ಹಾಕಿದೆ: ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೌಢ ಪ್ರಬಂಧ ಮುಗಿಸಲು ವಿದ್ಯಾರ್ಥಿಗಳು ಸರಾಸರಿ 34 ದಿನ ಎಂದು ಊಹಿಸಿದ್ದರು, ಎಲ್ಲವೂ ಕೆಟ್ಟರೆ 49 ದಿನ ಎಂದಿದ್ದರು, ನಿಜವಾಗಿ ಹಿಡಿದದ್ದು 55 ದಿನ ದಾಟಿತ್ತು. ಎಲ್ಲರೂ ಆಸಕ್ತಿಯಿಂದ ಕೇಳಿದರು. ಇದನ್ನೇ ಸಂಚಿಕೆಗೆ ಲೇಖನವಾಗಿ ಬರೆದುಕೊಡಿ ಎಂದು ಅಧ್ಯಕ್ಷರು ನನಗೇ ಅಂಟಿಸಿದರು. ಬರೆದುಕೊಡುತ್ತೇನೆ ಎಂದೆ.

ಸಮಾರಂಭ ಮುಗಿದು ಬಹಳ ದಿನಗಳಾದವು. ಸಂಚಿಕೆ ಬಂದಿಲ್ಲ. ಸ್ಮರಣೆ ತಾನೇ, ತಡವಾದಷ್ಟೂ ಗಾಢವಾಗುತ್ತದೆ ಎಂದು ಅಧ್ಯಕ್ಷರು ಧೈರ್ಯ ತುಂಬಿದ್ದಾರೆ. ನಾನಂತೂ ಸಮಿತಿಗೆ ರಾಜೀನಾಮೆ ಕೊಡುವುದೆಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಪತ್ರದ ಕರಡು ಸಿದ್ಧವಿದೆ. "ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ" ಎಂಬುದು ಮೊದಲ ಸಾಲು. ಇನ್ನೂ ಅಷ್ಟೇನೂ ತಡವಾಗಿಲ್ಲ ನಿಜ, ಆದರೆ ಕಳುಹಿಸುವ ಹೊತ್ತಿಗೆ ಆ ಸಾಲನ್ನು ತಿದ್ದುವ ಕೆಲಸ ಉಳಿಯಬಾರದಲ್ಲ.