ನ್ಯೂ ಗ್ಲಾರಸ್‌ಗೆ ಹೈನು ಬಂದ ದಾರಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ನ್ಯೂ ಗ್ಲಾರಸ್ ಎಂಬ ಪುಟ್ಟ ಊರಿನ ಬಗ್ಗೆ ಸಾಮಾನ್ಯವಾಗಿ ಒಂದೇ ಕಥೆ ಕೇಳಿಬರುತ್ತದೆ: ಸ್ವಿಟ್ಜರ್ಲೆಂಡಿನಿಂದ ಬಂದವರು ತಾಯ್ನಾಡಿನಂಥ ಗುಡ್ಡಗಳನ್ನು ಕಂಡು ನೆಲೆನಿಂತರು, ರಕ್ತಗತವಾಗಿ ಬಂದಿದ್ದ ಹೈನುಗಾರಿಕೆಯನ್ನು ಮುಂದುವರಿಸಿದರು. ಈ ಕಥೆಯ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ.

ಬಂದವರು ಯಾರೆಂಬುದನ್ನು ಮೊದಲು ನೋಡಬೇಕು. ಅವರ ತವರಾದ ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರಾಂತ್ಯ ಆ ಕಾಲಕ್ಕೆ ಬಟ್ಟೆ ಉದ್ಯಮದ ನಾಡು. ಯಂತ್ರಗಳು ಬಂದು ಕೈಕೆಲಸದವರ ಕೂಲಿ ಕುಸಿದು, ಬೆಳೆಯೂ ಕೈಕೊಟ್ಟು ಹೊಟ್ಟೆಗೆ ತತ್ವಾರವಾದಾಗ, ಅಲ್ಲಿನ ವಲಸೆ ಸಂಘವು ನಿಕ್ಲಾಸ್ ಡ್ಯೂರ್ಸ್ಟ್ ಮತ್ತು ಫ್ರಿಡೊಲಿನ್ ಸ್ಟ್ರೈಫ್ ಎಂಬಿಬ್ಬರನ್ನು ಜಮೀನು ಹುಡುಕಲು ಮುಂದಾಗಿ ಕಳುಹಿಸಿತು. ಅವರು ಲಿಟಲ್ ಶುಗರ್ ನದಿಯ ಕಣಿವೆಯಲ್ಲಿ 1,200 ಎಕರೆ ನೆಲವನ್ನೂ ಮರಮುಟ್ಟಿಗೆಂದು 80 ಎಕರೆ ಕಾಡನ್ನೂ ಕೊಂಡರು. 1845ರ ಏಪ್ರಿಲ್‌ನಲ್ಲಿ ಹೊರಟ 193 ಜನರಲ್ಲಿ ಆಗಸ್ಟ್ ಹೊತ್ತಿಗೆ ಅಲ್ಲಿ ಮುಟ್ಟಿದವರು 108 ಮಂದಿ. ನೆಲವನ್ನು ತಲಾ 20 ಎಕರೆಯಂತೆ ವಿಂಗಡಿಸಿ, ಚೀಟಿ ಎತ್ತಿ ಹಂಚಿಕೊಂಡರು. (ಊರಿನ ಚರಿತ್ರೆಯನ್ನು ಇಲ್ಲಿಂದಲೇ ಆರಂಭಿಸುವುದು ಅನ್ಯಾಯ, ಹೋ-ಚಂಕ್ ಎಂಬ ಮೂಲನಿವಾಸಿ ಜನರಿಂದ ದಕ್ಷಿಣ ವಿಸ್ಕಾನ್ಸಿನ್ ಭೂಮಿಯನ್ನು 1829 ಮತ್ತು 1832ರ ಒಪ್ಪಂದಗಳಲ್ಲಿ ಬಿಡಿಸಿಕೊಂಡ ಮೇಲಷ್ಟೇ ಅದು ಮಾರಾಟಕ್ಕೆ ಬಂದದ್ದು.)

ಇವರು ಕೈಹಾಕಿದ್ದು ಹೈನಿಗಲ್ಲ, ಸುತ್ತಲಿನ ಎಲ್ಲರಂತೆ ಗೋಧಿಗೆ. ವರ್ಷವರ್ಷವೂ ಅದೇ ಬೆಳೆಯಿಟ್ಟು ನೆಲ ಸೊರಗಿತು. ಜೊತೆಗೆ ಚಿಂಚ್ ಬಗ್ ಎಂಬ ಸಣ್ಣ ತಿಗಣೆ ದಂಟಿನ ಬುಡಕ್ಕೆ ಮುತ್ತಿ ರಸ ಹೀರಿ, ಕಾಳು ಕಟ್ಟುವ ಮೊದಲೇ ಪೈರನ್ನು ಒಣಗಿಸಿತು. ಆಗ ದಾರಿ ತೋರಿಸಿದ್ದು ಭೂಗೋಳ.

ವಿಸ್ಕಾನ್ಸಿನ್‌ನ ನೈಋತ್ಯಕ್ಕೆ ಹಬ್ಬಿರುವ ಡ್ರಿಫ್ಟ್‌ಲೆಸ್ ಪ್ರದೇಶದ ಪೂರ್ವದ ಅಂಚಿನಲ್ಲಿ ಈ ಊರಿದೆ. ಹಿಮಯುಗದಲ್ಲಿ ಉತ್ತರದಿಂದ ಸರಿದುಬಂದ ಹಿಮದ ಹಾಸು ಸುತ್ತಲಿನ ಸೀಮೆಯನ್ನು ಉಜ್ಜಿ ಸಮಮಾಡಿದರೂ ಈ ಭಾಗವನ್ನು ಮುಟ್ಟಲಿಲ್ಲ. ಹೀಗಾಗಿ ಸುಣ್ಣಕಲ್ಲು, ಮರಳುಗಲ್ಲಿನ ದಿಬ್ಬಗಳನ್ನು ತೊರೆಗಳು ಕೊರೆಯುತ್ತಲೇ ಹೋಗಿ ಕಡಿದಾದ ಇಳಿಜಾರುಗಳೂ ಇಕ್ಕಟ್ಟಾದ ಕಣಿವೆಗಳೂ ಉಳಿದವು. ಅಂಥ ಇಳಿಜಾರನ್ನು ಉತ್ತರೆ ಮೇಲ್ಮಣ್ಣು ಮಳೆಯ ಪಾಲು. ಹುಲ್ಲು ಬಿಟ್ಟರೆ ಮಣ್ಣೂ ನಿಲ್ಲುತ್ತದೆ, ದನಕ್ಕೆ ಮೇವೂ ಸಿಗುತ್ತದೆ. ಬಂಡೆಯ ಸಂದಿನಿಂದ ಒಸರುವ ತಣ್ಣನೆಯ ಒರತೆಯ ನೀರಿನಲ್ಲಿ ಪಾತ್ರೆಯನ್ನು ಕುತ್ತಿಗೆಯವರೆಗೆ ಮುಳುಗಿಸಿಟ್ಟರೆ ಹಾಲು ಬೇಗ ಕೆಡುವುದಿಲ್ಲ. ಹಸಿ ಹಾಲು ದೂರದ ಪಟ್ಟಣಕ್ಕೆ ಹೋಗುವಂತಿರಲಿಲ್ಲವಾದ್ದರಿಂದ (ರೈಲು ಬಂದದ್ದು 1887ರಲ್ಲಿ) ಅದನ್ನು ಚೀಸ್ ಮಾಡುವುದೇ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಸ್ವಿಸ್ ರಕ್ತವೇ ಕಾರಣವಾಗಿದ್ದರೆ ಹೈನುಗಾರಿಕೆ ಈ ಒಂದು ಕಣಿವೆಯಲ್ಲೇ ನಿಲ್ಲಬೇಕಿತ್ತು. ಆದರೆ ಗೋಧಿ ಸೋತಮೇಲೆ ಇಡೀ ವಿಸ್ಕಾನ್ಸಿನ್ ಹಸುವಿನತ್ತ ಹೊರಳಿತು. 1872ರಲ್ಲಿ ರಾಜ್ಯದ ಹೈನುಗಾರರ ಸಂಘ ಕಟ್ಟಿದವರಲ್ಲಿ ಮುಖ್ಯನಾದ ವಿಲಿಯಂ ಹೋರ್ಡ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ವಲಸಿಗರ ಪಾಲೇನೂ ಇಲ್ಲವೆಂದು ನನ್ನ ವಾದವಲ್ಲ. ಚೀಸಿನ ಬಗೆಯಲ್ಲಿ ಅವರ ಕೈವಾಡ ಎದ್ದು ಕಾಣುತ್ತದೆ. ಅಲ್ಲಿಯೂ ಒಂದು ತಮಾಷೆಯಿದೆ: ಈ ಊರಿರುವ ಗ್ರೀನ್ ಕೌಂಟಿಗೆ (ಜಿಲ್ಲೆಗೆ) ಹೆಸರು ತಂದ, ಮೂಗು ಮುಚ್ಚಿಸುವ ಲಿಂಬರ್ಗರ್ ಚೀಸ್ ಮೂಲತಃ ಸ್ವಿಟ್ಜರ್ಲೆಂಡಿನದಲ್ಲ, ಬೆಲ್ಜಿಯಂ ಕಡೆಯದು.